ರಸಮಟ್ಟ

ಗ್ರೋನಿಂಗನ್ನಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ಒಂದು ಮನೆ ಕಟ್ಟಿದ್ದೇನೆ.
ಮೂವತ್ತೊಂದು ವರ್ಷದ ಬಡಗಿತನದಲ್ಲಿ
ಯಾರೂ ವಾಸಮಾಡದ ಮನೆ ಅದೊಂದೇ.

ನಲ್ಲಿ ತಿರುಗುತ್ತದೆ, ನೀರಿಲ್ಲ.
ಹಾಸಿಗೆ ಇದೆ, ಯಾರ ಮಗ್ಗುಲೂ ಅದಕ್ಕೆ ಗೊತ್ತಿಲ್ಲ.
ಬುಟ್ಟಿಯಲ್ಲಿ ಮೂರು ಮೇಣದ ನಿಂಬೆಹಣ್ಣು;
ಒಂದಕ್ಕೆ ಯಾರದೋ ಹಲ್ಲಿನ ಗುರುತು.
ಹೊಸ್ತಿಲು ಎರಡು ಸೆಂಟಿಮೀಟರು ಎತ್ತರ, ಬೇಕೆಂದೇ:
ಎಡವುವವರು ಇಲ್ಲೇ ಎಡವಲಿ ಎಂದು.
ಛಾವಣಿಯಲ್ಲಿ ಹನ್ನೆರಡು ಕ್ಯಾಮೆರಾ,
ಬಿದ್ದರೆ ತೂಗಿ ಹಿಡಿಯಲು ಸೊಂಟಕ್ಕೊಂದು ಪಟ್ಟಿ.

ಆಫ್ಕೆ ಬಂದರು. ಎಂಬತ್ಮೂರು.
ತುಟಿಗೆ ಬಣ್ಣ, ಮಗಳ ಮದುವೆಗೆ ಕೊಂಡಿದ್ದ ಬೂಟು.
ಮನೆಯಲ್ಲಿ ನಡೆಯುವ ಹಾಗೇ ನಡೆಯಿರಿ, ಎಂದಳು ಸೆವ್ದಾ.
ನಡೆದರು ನೋಡಿ!
ರಾಣಿಯ ಎದುರು ಕವಾಯತಿನ ಹುಡುಗಿಯಂತೆ
ಎದೆ ಎತ್ತಿ, ಹೆಜ್ಜೆಗೆ ಹೆಜ್ಜೆ ಅಳೆದು,
ಹೊಸ್ತಿಲನ್ನು ಕಾಲುವೆ ದಾಟಿದ ಹಾಗೆ ದಾಟಿ.
ಹದಿನೈದು ನಿಮಿಷ. ಕೊನೆಗೆ ಕೇಳಿದರು:
ಪಾಸಾದೆನಾ?

ಆಮೇಲೆ ಒಂದು ವಾರ ಅವರದೇ ಮನೆಯಲ್ಲಿ.
ಸೊಂಟಕ್ಕೆ ಬೆಂಕಿಪೊಟ್ಟಣದಷ್ಟು ಯಂತ್ರ,
ಗೋಡೆಗೆ ನಾನೇ ಕೂರಿಸಿ ಬಂದ ಕಣ್ಣು.
ಅದು ಚಿತ್ರ ಹಿಡಿಯುವುದಿಲ್ಲ, ಚುಕ್ಕಿ ಇಡುತ್ತದೆ, ಅಷ್ಟೇ.

ಸೆವ್ದಾ ತೆರೆಯ ಮೇಲೆ ತೋರಿಸಿದಳು.
ಅದೇ ಹೆಂಗಸೇ ಇದು?
ಅರ್ಧ ವೇಗ. ಎಡಗಾಲು ಎಳೆಯುತ್ತದೆ.
ಮೇಜು, ಕುರ್ಚಿಯ ಬೆನ್ನು, ಕಪಾಟಿನ ಅಂಚು,
ನಡಿಗೆಯಲ್ಲಿ ಅರ್ಧ ಪಾಲು ಕೈಗಳದ್ದು.
ರಾತ್ರಿ ಎರಡೂ ನಲವತ್ತಕ್ಕೆ ಹನ್ನೊಂದು ಹೆಜ್ಜೆ,
ಆರು ನಿಮಿಷ ಸುಮ್ಮನೆ ನಿಂತದ್ದು,
ಮತ್ತೆ ಹನ್ನೊಂದು.

ನನ್ನನ್ನು ಕರೆದದ್ದು ಅದಕ್ಕಲ್ಲ.
ನಡುಮನೆಯಲ್ಲಿ ಕಿಟಕಿಯ ಕಡೆ ಹೋಗುವ ಗೆರೆ
ನೇರ ಹೋಗದೆ ಎಡಕ್ಕೆ ಬಾಗಿ, ಮುಂದೆ ಹೋಗಿ ಕೂಡಿಕೊಳ್ಳುತ್ತಿತ್ತು.
ಏಳು ದಿನ, ಇನ್ನೂರ ಆರು ಸಲ, ಬಿಲ್ಲಿನಂತೆ.
ಅಲ್ಲಿ ಯಾವ ಸಾಮಾನೂ ಇಲ್ಲ. ನಕ್ಷೆ ಬರೆದವನು ನಾನೇ.
ಯಂತ್ರ ಕೆಟ್ಟಿರಬೇಕು, ಇಲ್ಲಾ ನೆಲ ಕುಸಿದಿರಬೇಕು,
ನೋಡಿ ಬಾ, ಎಂದಳು.

ಕುಸಿದಿದ್ದರೂ ಕುಸಿದೀತು. ಲೋಪರ್ಸಮ್ ಕಡೆ
ಅಡಿಯಿಂದ ಗ್ಯಾಸು ತೆಗೆದೂ ತೆಗೆದೂ
ನಡುಗದ ಮನೆ ಯಾವುದಿದೆ?
ಮಂಡಿಯೂರಿದೆ. ರಸಮಟ್ಟ ಇಟ್ಟೆ.
ಗುಳ್ಳೆ ಓಲಾಡಿ, ಸರೀ ನಡುವಿಗೆ ಬಂದು ಕೂತಿತು, ಹಠಮಾರಿ.
ಗೋಡೆ ಬಿರುಕು ಬಿಟ್ಟಿತ್ತು. ನೆಲದ ತಪ್ಪೇನಿಲ್ಲ.
ಹಲಗೆ ಬಡಿದು ಕಿವಿಯಿಟ್ಟೆ: ಗಟ್ಟಿ.
ಕಣ್ಣನ್ನು ಬಿಚ್ಚಿ, ಒರೆಸಿ, ಸಿಕ್ಕಿಸಿದೆ: ಅದೂ ಸರಿ.

ಇಲ್ಲಿ ಏನಿತ್ತು? ಎಂದೆ.
ಏನೂ ಇಲ್ಲವಲ್ಲ, ಎಂದರು ಆಫ್ಕೆ. ಕಾಫಿ ಕುಡೀತೀಯಾ?
ಹಿಮ್ಮಡಿ ಮಡಚಿಹೋದ ಮನೆಚಪ್ಪಲಿ.
ಎರಡು ಕೈಗೆ ಎರಡು ಬಟ್ಟಲು, ಮೇಜು ಹಿಡಿಯಲು ಕೈಯಿಲ್ಲ.
ಆದರೂ ಬಂದರು. ಆ ಜಾಗ ಬಂತು.
ದೋಣಿ ಮಗ್ಗುಲಾಗುವಂತೆ ಬಾಗಿದರು,
ಮಲಗಿರುವ ಯಾರನ್ನೋ ಎಬ್ಬಿಸಬಾರದು ಎಂಬಂತೆ.
ಒಂದು ಹನಿ ಚೆಲ್ಲಲಿಲ್ಲ.

ಅಭ್ಯಾಸಬಲ, ಕಣ್ಣಲ್ಲೇ ಅಳೆದೆ:
ಉದ್ದ ಒಂದು ಮೀಟರು ಹತ್ತು. ಅಗಲ ನಲವತ್ತೈದು.
ಆ ಅಳತೆಯದನ್ನು ಮಾಡಿಕೊಟ್ಟಿದ್ದೇನೆ ನಾನು, ಎರಡು ಸಲ,
ಮಜೂರಿ ತೆಗೆದುಕೊಳ್ಳದೆ.
ಮತ್ತೆ ಕೇಳಲಿಲ್ಲ. ಕಾಫಿ ಬಿಸಿಯಿತ್ತು,
ಸಕ್ಕರೆ ಜಾಸ್ತಿ.

ವರದಿಯಲ್ಲಿ ಬರೆದೆ: ಯಂತ್ರ ಸರಿ. ನೆಲ ಸರಿ.
ಷರಾ ಎಂಬಲ್ಲಿ ಏನೂ ತುಂಬಲಿಲ್ಲ.
ಚೀಲ ಹೆಗಲಿಗೇರಿಸಿ, ಕಿಟಕಿಯ ಕಣ್ಣನ್ನು ಕೊನೇ ಸಲ ನೋಡಿ ಬರೋಣವೆಂದು
ಹೋದೆ, ಬಂದೆ.

ನಾಳೆ ಸೆವ್ದಾಗೆ ತೆರೆಯ ಮೇಲೆ
ಹೊಸದೊಂದು ಗೆರೆ ಕಾಣುತ್ತದೆ: ಭಾರದ ಹೆಜ್ಜೆ, ದೊಡ್ಡ ದಾಪು,
ಐವತ್ತೆಂಟರ ಗಂಡಸು, ಆರೋಗ್ಯವಂತ.
ಯಂತ್ರ ಮತ್ತೆ ಕೆಟ್ಟಿತು ಎಂದು
ಫೋನು ಮಾಡುತ್ತಾಳೆ.